ಕೈರೇಡಿಯೋಗೆ ಉಪಗ್ರಹ ಕೇಳಿಸದಿದ್ದಾಗ: ದೋಷ ಎಲ್ಲಿದೆಯೆಂದು ಹುಡುಕುವ ಬಗೆ

ಐದು ವ್ಯಾಟಿನ ಎಫ್‌ಎಂ ಹ್ಯಾಂಡಿಯನ್ನು (ಕೈರೇಡಿಯೋವನ್ನು) ಹಿಡಿದು ತಾರಸಿಗೆ ಹೋಗಿ, ಹವ್ಯಾಸಿಗಳ ಮಾತನ್ನು ದೂರಕ್ಕೆ ದಾಟಿಸುವ ಉಪಗ್ರಹ ನೆತ್ತಿಗೆ ಬಂದದ್ದನ್ನು ಫೋನಿನ ಪರದೆಯಲ್ಲಿ ನೋಡುತ್ತ ಪಿಟಿಟಿ (ಮಾತನಾಡಲು ಒತ್ತುವ ಗುಂಡಿ) ಒತ್ತಿ ಕಾಲ್‌ಸೈನ್ (ಪರವಾನಗಿಯೊಡನೆ ಸಿಗುವ ಗುರುತಿನ ಹೆಸರು) ಹೇಳಿ, ಹತ್ತು ನಿಮಿಷ ಬರೀ ಸುಯ್ಯೆನ್ನುವ ಸದ್ದನ್ನು ಕೇಳಿ ಕೆಳಗಿಳಿದು ಬಂದ ಅನುಭವ ಹವ್ಯಾಸಿ ರೇಡಿಯೋದವರಲ್ಲಿ ಬಹಳ ಮಂದಿಗೆ ಇದೆ. ಆಗ ಮೊದಲು ಹುಟ್ಟುವ ಅನುಮಾನ ‘ನನ್ನ ಪವರ್ ಸಾಲುತ್ತಿಲ್ಲ’ ಎಂಬುದು. ಈ ಅನುಮಾನದ ಬೆನ್ನು ಹತ್ತಿ ಪವರ್ ಆಂಪ್ಲಿಫೈಯರ್ ಕೊಂಡವರನ್ನೂ ನಾನು ಕಂಡಿದ್ದೇನೆ. ಆದರೆ ಕೈರೇಡಿಯೋ ಮತ್ತು ಉಪಗ್ರಹದ ನಡುವಿನ ವ್ಯವಹಾರದಲ್ಲಿ ಮೊದಲು ಸೋಲುವುದು ಕಿವಿಯೇ ಹೊರತು ಬಾಯಲ್ಲ. ಆದ್ದರಿಂದ ದೋಷವನ್ನು ಹುಡುಕುವ ಕೆಲಸವೂ ಸ್ವೀಕಾರದ ಕಡೆಯಿಂದಲೇ ಆರಂಭವಾಗಬೇಕು.

ಎಸ್‌ಒ-50 ಎಂಬ ಉಪಗ್ರಹವನ್ನು ಮಾದರಿಯಾಗಿ ಇಟ್ಟುಕೊಂಡು ಇದನ್ನು ಲೆಕ್ಕದಲ್ಲಿಯೇ ನೋಡಬಹುದು. ಸೌದಿ ಅರೇಬಿಯಾದ ಈ ಪುಟ್ಟ ಉಪಗ್ರಹವು 2002ರ ಡಿಸೆಂಬರ್ 20ರಂದು ಬೈಕನೂರಿನಿಂದ ಕಕ್ಷೆಗೆ ಸೇರಿತು. ಅದು 145.850 ಮೆಗಾಹರ್ಟ್ಸ್‌ನಲ್ಲಿ ನಮ್ಮ ಮಾತನ್ನು ಕೇಳಿಸಿಕೊಂಡು 436.795 ಮೆಗಾಹರ್ಟ್ಸ್‌ನಲ್ಲಿ ಮರಳಿ ಬಿಡುತ್ತದೆ. ಎರಡೂ ಆವರ್ತನಗಳು ನಮ್ಮ ದೇಶದಲ್ಲಿ ಹವ್ಯಾಸಿಗಳಿಗೆ ಕೊಟ್ಟಿರುವ 144–146 ಮತ್ತು 434–438 ಮೆಗಾಹರ್ಟ್ಸ್ ಪಟ್ಟಿಗಳೊಳಗೆ (ಬ್ಯಾಂಡ್‌ಗಳೊಳಗೆ) ಬರುವುದರಿಂದ, ಪರವಾನಗಿ ಇರುವವರಿಗೆ ಆ ಬಗೆಯ ತೊಡಕಿಲ್ಲ. ಉಪಗ್ರಹದ ಪ್ರೇಷಕದ ಶಕ್ತಿ ಕೇವಲ 250 ಮಿಲಿವ್ಯಾಟ್. ಅದು ನೆತ್ತಿಯ ಮೇಲೆ 700 ಕಿಲೋಮೀಟರ್ ದೂರದಲ್ಲಿದೆ ಎಂದುಕೊಂಡರೂ ದಾರಿಯಲ್ಲಿ ಸುಮಾರು 142 ಡಿಬಿ (ಡೆಸಿಬೆಲ್; ಪ್ರತಿ 10 ಡಿಬಿಗೆ ಶಕ್ತಿ ಹತ್ತು ಪಟ್ಟು ಬದಲಾಗುತ್ತದೆ) ನಷ್ಟವಾಗುತ್ತದೆ, ಅಂದರೆ ಎರಡೂ ಕಡೆಯ ಆಂಟೆನಾಗಳಿಂದ ಲಾಭವೂ ಇಲ್ಲ ನಷ್ಟವೂ ಇಲ್ಲ ಎಂದು ಹಿಡಿದರೆ ನಮ್ಮ ರೇಡಿಯೋಗೆ ತಲುಪುವುದು ಸರಿಸುಮಾರು ಮೈನಸ್ 118 ಡಿಬಿಎಂ (ಒಂದು ಮಿಲಿವ್ಯಾಟಿಗೆ ಹೋಲಿಸಿದ ಡಿಬಿ ಅಳತೆ). ಸಾಮಾನ್ಯ ಹ್ಯಾಂಡಿಯೊಂದು ಮಾತನ್ನು ಅರ್ಥವಾಗುವಂತೆ ಬಿಡಿಸಿಕೊಡಬಲ್ಲ ಕೊನೆಯ ಮಟ್ಟ ಮೈನಸ್ 122ರ ಆಸುಪಾಸಿನಲ್ಲಿರುತ್ತದೆ. ಉಳಿದದ್ದು ನಾಲ್ಕೇ ಡಿಬಿ. ಅದೇ ಉಪಗ್ರಹ ದಿಗಂತದಲ್ಲಿದ್ದಾಗ ದೂರ 3,000 ಕಿಲೋಮೀಟರಿಗೆ ಹೋಗುತ್ತದೆ, ಸಿಗ್ನಲ್ ಮೈನಸ್ 131ಕ್ಕೆ ಇಳಿಯುತ್ತದೆ, ರಬ್ಬರ್ ಆಂಟೆನಾದಲ್ಲಿ ಅದು ಕೇಳಿಸುವ ಮಾತೇ ಇಲ್ಲ. ಇನ್ನು ನಮ್ಮ ಕಡೆಯಿಂದ ಹೋಗುವ ಸಿಗ್ನಲ್ಲಿನ ಲೆಕ್ಕ ಹೀಗಿದೆ: ನಮ್ಮ ಐದು ವ್ಯಾಟ್ ಅದರ ಕಾಲು ವ್ಯಾಟಿನ ಇಪ್ಪತ್ತು ಪಟ್ಟು, ಆವರ್ತನ ಮೂರನೇ ಒಂದು ಭಾಗವಾದ್ದರಿಂದ ದಾರಿಯ ನಷ್ಟದಲ್ಲಿ ಇನ್ನೊಂದು ಒಂಬತ್ತು ಪಟ್ಟು ಅನುಕೂಲ. ಒಟ್ಟಿನಲ್ಲಿ ಉಪಗ್ರಹಕ್ಕೆ ನಾವು ಕೇಳಿಸುವುದು, ನಮಗೆ ಉಪಗ್ರಹ ಕೇಳಿಸುವುದಕ್ಕಿಂತ ಸುಮಾರು 180 ಪಟ್ಟು ಸುಲಭ. ಆಂಪ್ಲಿಫೈಯರ್ ಕೊಂಡವರ ಹಣ ಎಲ್ಲಿಗೆ ಹೋಯಿತೆಂದು ಇದರಿಂದ ತಿಳಿಯುತ್ತದೆ.

ಉಪಗ್ರಹ ಬದುಕಿದೆಯೇ?

ರೇಡಿಯೋವನ್ನು ಶಂಕಿಸುವ ಮೊದಲು ಆಕಾಶದಲ್ಲಿರುವುದನ್ನು ಶಂಕಿಸಬೇಕು. ಪಾಸುಗಳ, ಅಂದರೆ ಉಪಗ್ರಹ ನಮ್ಮ ಆಕಾಶವನ್ನು ಹಾದುಹೋಗುವ ಸರದಿಗಳ, ವೇಳೆ ಹೇಳುವ ಆ್ಯಪ್‌ಗಳು ಕಕ್ಷೆಯ ಲೆಕ್ಕವನ್ನಷ್ಟೇ ಮಾಡುತ್ತವೆ, ಒಳಗಿನ ಯಂತ್ರ ಜೀವಂತವಾಗಿದೆಯೇ ಎಂಬುದು ಅವಕ್ಕೆ ಗೊತ್ತಿಲ್ಲ. ಇಸ್ರೋ 2005ರ ಮೇ 5ರಂದು ಕಾರ್ಟೋಸ್ಯಾಟ್-1ರ ಜೊತೆಯಲ್ಲಿ ಹಾರಿಸಿದ ನಮ್ಮದೇ ಹ್ಯಾಮ್‌ಸ್ಯಾಟ್, ಅಂದರೆ ವಿಒ-52, ಬ್ಯಾಟರಿ ಕೆಟ್ಟು 2014ರ ಜುಲೈನಿಂದ ಮೌನವಾಗಿದೆ. ಆದರೂ ಆ್ಯಪ್‌ನ ಪಟ್ಟಿಯಲ್ಲಿ ಅದರ ಹೆಸರು ಕಂಡು ಕಾಯುತ್ತ ಕೂತ ಹೊಸಬರಿದ್ದಾರೆ. ಬದುಕಿದ್ದಾಗಲೂ ಅದು ಎಸ್‌ಎಸ್‌ಬಿ (ಎಫ್‌ಎಂಗಿಂತ ಬೇರೆ ಬಗೆಯ ಧ್ವನಿ ಪ್ರಸಾರ) ಮತ್ತು ಮೋರ್ಸ್‌ಗೆ ಒಗ್ಗುವ ಲೀನಿಯರ್ ಟ್ರಾನ್ಸ್‌ಪಾಂಡರ್ ಆಗಿತ್ತು, ಎಫ್‌ಎಂ ಹ್ಯಾಂಡಿಗೆ ಒದಗುವಂಥದ್ದಲ್ಲ. 2018ರ ಜನವರಿಯಲ್ಲಿ ಶ್ರೀಹರಿಕೋಟಾದಿಂದ ಪಿಎಸ್‌ಎಲ್‌ವಿ-ಸಿ40ರಲ್ಲಿ ಹೋದ ಎಒ-92 ಎಫ್‌ಎಂನದೇ ಆಗಿದ್ದರೂ 2024ರಲ್ಲಿ ವಾತಾವರಣಕ್ಕೆ ಬಿದ್ದು ಉರಿದುಹೋಯಿತು. ಹಳೆಯ ಮೆಮೊರಿ ಚಾನೆಲ್ ಪಟ್ಟಿಗಳಲ್ಲಿ ಇನ್ನೂ ಉಳಿದಿದೆ. ಆದ್ದರಿಂದ ಹವ್ಯಾಸಿ ಉಪಗ್ರಹಗಳ ಸಂಘಟನೆಯಾದ ಆಮ್ಸ್ಯಾಟ್‌ನ ಸ್ಥಿತಿ ಪುಟದಲ್ಲಿ ಹಿಂದಿನ ಒಂದೆರಡು ದಿನಗಳಲ್ಲಿ ಯಾರಾದರೂ ಆ ಉಪಗ್ರಹವನ್ನು ಕೇಳಿಸಿಕೊಂಡಿರುವ ವರದಿ ಇದೆಯೇ ಎಂದು ನೋಡಿಕೊಂಡೇ ತಾರಸಿ ಹತ್ತಬೇಕು. ಇಪ್ಪತ್ತು ವರ್ಷ ದಾಟಿದ ಎಸ್‌ಒ-50ರ ವಿಷಯದಲ್ಲಿ ಈ ಎಚ್ಚರಿಕೆ ಇನ್ನೂ ಹೆಚ್ಚು ಬೇಕು.

ಎಸ್‌ಒ-50ರ ಮೌನಕ್ಕೆ ಇನ್ನೂ ಒಂದು ಸರಳ ಕಾರಣವಿದೆ. ಯಾರಾದರೂ 67 ಹರ್ಟ್ಸ್ ಟೋನಿನೊಡನೆ (ಮಾತಿನ ಅಡಿಯಲ್ಲಿ ರೇಡಿಯೋ ತಾನೇ ಸೇರಿಸುವ ತಗ್ಗು ಸ್ವರ) ಮಾತನಾಡುವಾಗ ಮಾತ್ರ ಅದು ಪ್ರಸಾರ ಮಾಡುತ್ತದೆ. ಅದಕ್ಕೂ ಮುನ್ನ ಹತ್ತು ನಿಮಿಷದ ಟೈಮರೊಂದನ್ನು ಯಾರಾದರೂ 74.4 ಹರ್ಟ್ಸ್ ಟೋನನ್ನು ಎರಡು ಸೆಕೆಂಡು ಕಳಿಸಿ ಎಬ್ಬಿಸಿರಬೇಕು. ಅಂದರೆ, ಮಧ್ಯರಾತ್ರಿಯ ಪಾಸಿನಲ್ಲಿ ಎಲ್ಲರೂ ಮಲಗಿದ್ದರೆ ಸಂಪೂರ್ಣ ಆರೋಗ್ಯವಾಗಿರುವ ಉಪಗ್ರಹ, ಸಂಪೂರ್ಣ ಸರಿಯಿರುವ ರೇಡಿಯೋ, ಎರಡೂ ಇದ್ದು ಏನೂ ಕೇಳಿಸುವುದಿಲ್ಲ. ಒಂದು ಪಾಸಿನ ಮೌನದಿಂದ ಯಾವ ತೀರ್ಮಾನಕ್ಕೂ ಬರುವಂತಿಲ್ಲ. ಪರೀಕ್ಷೆಗೆ ಶನಿವಾರ, ಭಾನುವಾರಗಳ ಸಂಜೆಯ, 40 ಡಿಗ್ರಿಗಿಂತ ಎತ್ತರ ಏರುವ ಪಾಸುಗಳನ್ನು ಆರಿಸಿಕೊಳ್ಳುವುದು ಮೇಲು. ಉಪಗ್ರಹದ ನೋಟದ ವೃತ್ತ ಎಲ್ಲ ದಿಕ್ಕಿಗೂ ಸುಮಾರು 2,800 ಕಿಲೋಮೀಟರ್ ಹರಡಿರುವುದರಿಂದ ನಮ್ಮ ದೇಶದವರಲ್ಲದೆ ಥಾಯ್ಲೆಂಡ್, ಇಂಡೊನೇಷ್ಯಾದವರ ದನಿ ಕೇಳಿಸಿದರೆ ಆಶ್ಚರ್ಯಪಡಬೇಕಿಲ್ಲ.

ವೇಳೆ ಮತ್ತು ದಿಕ್ಕು

ಆ್ಯಪ್‌ನಲ್ಲಿ ಊರು ತಪ್ಪಾಗಿದೆಯೇ ಎಂದು ಗ್ರಿಡ್ (ಭೂಪಟದ ಚೌಕಗಳಿಗೆ ಹವ್ಯಾಸಿಗಳು ಬಳಸುವ ಸಂಕೇತ) ನೋಡಿ ತಿಳಿಯಬಹುದು: ಮೈಸೂರು ಎಂಕೆ82, ಮಂಗಳೂರು ಎಂಕೆ72, ಹುಬ್ಬಳ್ಳಿ ಎಂಕೆ75. ವೇಳಾಪಟ್ಟಿ ಯುಟಿಸಿಯಲ್ಲಿದ್ದರೆ ಐದೂವರೆ ಗಂಟೆ ಕೂಡಿಸುವುದನ್ನು ಮರೆತು ತಾರಸಿಯಲ್ಲಿ ಸೊಳ್ಳೆ ಕಚ್ಚಿಸಿಕೊಂಡವರಲ್ಲಿ ನಾನೂ ಒಬ್ಬ. ಕಕ್ಷೆಯ ದತ್ತಾಂಶವನ್ನು ವಾರಕ್ಕೊಮ್ಮೆಯಾದರೂ ಹೊಸದಾಗಿ ಇಳಿಸಿಕೊಳ್ಳಬೇಕು. ಆಗಾಗ ಕಕ್ಷೆ ಎತ್ತರಿಸುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ವಿಷಯದಲ್ಲಿ ವಾರವೂ ಹೆಚ್ಚಾಯಿತು. ಫೋನಿನ ದಿಕ್ಸೂಚಿಯನ್ನು ಕಬ್ಬಿಣದ ಕಂಬಿ, ನೀರಿನ ಟ್ಯಾಂಕಿನ ಸ್ಟ್ಯಾಂಡು ಅಥವಾ ಉಕ್ಕಿನ ಯಾಗಿಯ (ಒಂದೇ ದಿಕ್ಕಿಗೆ ಗುರಿಯಿಡುವ, ಹಲವು ಕಡ್ಡಿಗಳ ಆಂಟೆನಾದ) ಪಕ್ಕದಲ್ಲಿ ನಂಬಬಾರದು. ಹಗಲಿನಲ್ಲೇ ತಾರಸಿಯ ನಾಲ್ಕು ದಿಕ್ಕಿನ ಗುರುತು ಮಾಡಿಟ್ಟುಕೊಂಡರೆ ಆ ತಾಪತ್ರಯವೇ ಇರುವುದಿಲ್ಲ.

ದಿಕ್ಕಿನ ಅಡ್ಡಿ ಎಷ್ಟು ನಿರ್ಣಾಯಕವೆಂಬುದಕ್ಕೆ ಐಒ-86 ಒಳ್ಳೆಯ ಉದಾಹರಣೆ. ಇಂಡೊನೇಷ್ಯಾದ ಈ ಉಪಗ್ರಹ 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟಾದಿಂದ ಆಸ್ಟ್ರೋಸ್ಯಾಟ್ ಜೊತೆಗೆ ಪಿಎಸ್‌ಎಲ್‌ವಿ-ಸಿ30ರಲ್ಲಿ ಹೋಯಿತು. ಅದರ ಕಕ್ಷೆ ಸಮಭಾಜಕಕ್ಕೆ ಆರೇ ಡಿಗ್ರಿ ವಾಲಿರುವುದರಿಂದ ಬೆಂಗಳೂರಿನವರಿಗೆ ದಿನದ ಪ್ರತಿ ಸುತ್ತಿನಲ್ಲೂ ದರ್ಶನ ಕೊಡುತ್ತದೆ, ಆದರೆ ಯಾವಾಗಲೂ ದಕ್ಷಿಣದ ಆಕಾಶದಲ್ಲಿಯೇ, ಹೆಚ್ಚೆಂದರೆ 35 ಡಿಗ್ರಿ ಎತ್ತರಕ್ಕೆ. ಬೀದರಿನಲ್ಲಿ ಅದು 20 ಡಿಗ್ರಿಯನ್ನೂ ಮುಟ್ಟುವುದಿಲ್ಲ. ಮನೆಯ ದಕ್ಷಿಣಕ್ಕೆ ನಾಲ್ಕು ಮಹಡಿಯ ಕಟ್ಟಡ ಎದ್ದಿದ್ದರೆ ರೇಡಿಯೋದಲ್ಲಿ ದೋಷ ಹುಡುಕಿ ಫಲವಿಲ್ಲ, ಜಾಗ ಬದಲಿಸಬೇಕು. ಅದರ ರಿಪೀಟರ್ (ಮಾತನ್ನು ಕೇಳಿ ಮರುಪ್ರಸಾರ ಮಾಡುವ ಯಂತ್ರ) ಸದಾ ಚಾಲನೆಯಲ್ಲಿ ಇರುವುದಿಲ್ಲವೆಂಬುದೂ ನೆನಪಿರಲಿ.

ರೇಡಿಯೋದ ಒಳಗೆ

ನನ್ನ ಮೊದಲ ಮೂರು ವಾರಗಳ ಸೋಲಿಗೆ ಕಾರಣವಾದದ್ದು ಮೆನುವಿನ ಒಂದೇ ಒಂದು ಸಾಲು. ಟೋನು 67 ಹರ್ಟ್ಸ್ ಬೇಕೆಂದು ಓದಿ, ಪ್ರಸಾರಕ್ಕೂ ಸ್ವೀಕಾರಕ್ಕೂ ಎರಡಕ್ಕೂ ಅದನ್ನೇ ಹಾಕಿಟ್ಟಿದ್ದೆ. ಟೋನ್ ಬೇಕಿರುವುದು ಉಪಗ್ರಹಕ್ಕೆ, ನಮಗಲ್ಲ. ಸ್ವೀಕಾರಕ್ಕೂ ಟೋನ್ ಇಟ್ಟರೆ, ಕೆಳಗೆ ಬರುವ ಸಿಗ್ನಲ್ಲಿನಲ್ಲಿ ಆ ಟೋನು ಸ್ಪಷ್ಟವಾಗಿ ಇಲ್ಲದಿದ್ದಲ್ಲಿ ರೇಡಿಯೋ ಬಾಯಿ ಮುಚ್ಚಿಕೊಂಡೇ ಇರುತ್ತದೆ. ಸಿಗ್ನಲ್ ಬಂದಾಗ ಹಸಿರು ದೀಪ ಮಿನುಗಿ ಸ್ಪೀಕರಿನಿಂದ ಏನೂ ಹೊರಡದಿದ್ದರೆ ಇದೇ ದೋಷವೆಂದು ನಿಶ್ಚಯಿಸಬಹುದು. ನನ್ನ ರೇಡಿಯೋದಲ್ಲಿ ದೀಪ ಮಿನುಗುತ್ತಲೇ ಇತ್ತು. ನಾನು ಫೋನಿನ ಪರದೆಯನ್ನು ನೋಡುತ್ತಿದ್ದೆ.

ಎರಡನೆಯದು ಸ್ಕ್ವೆಲ್ಚ್, ಅಂದರೆ ಸಿಗ್ನಲ್ ಇಲ್ಲದಾಗ ಸ್ಪೀಕರನ್ನು ಮುಚ್ಚಿಡುವ ವ್ಯವಸ್ಥೆ. ಅದನ್ನು ಸೊನ್ನೆಗೆ ಇಳಿಸಿ, ಪಾಸು ಮುಗಿಯುವವರೆಗೂ ಸುಯ್ಯೆನ್ನುವ ಸದ್ದನ್ನು ಸಹಿಸಿಕೊಳ್ಳಬೇಕು. ನೆಲದ ರಿಪೀಟರಿಗೆ ಹೊಂದಿಸಿದ ಸ್ಕ್ವೆಲ್ಚ್ ಉಪಗ್ರಹದ ಕ್ಷೀಣ ಸಿಗ್ನಲ್ಲಿಗೆ ಬಾಗಿಲು ತೆರೆಯುವುದಿಲ್ಲ. ಈ ಸುಯ್ಯೆನ್ನುವ ಸದ್ದೇ ನಮ್ಮ ಮಾಪಕ: ಉಪಗ್ರಹದ ವಾಹಕ ತರಂಗ ಬಂದ ಕ್ಷಣ, ಮಾತು ಇನ್ನೂ ಅರ್ಥವಾಗದಿದ್ದರೂ, ಆ ಸದ್ದು ತಗ್ಗುತ್ತದೆ. ಕಿವಿಗೆ ಇಯರ್‌ಫೋನ್ ಹಾಕಿಕೊಂಡವರಿಗೆ ಈ ತಗ್ಗುವಿಕೆ ಚೆನ್ನಾಗಿ ತಿಳಿಯುತ್ತದೆ. ಬ್ಯಾಟರಿ ಉಳಿತಾಯದ ಸೌಲಭ್ಯ ಸ್ವೀಕಾರಕವನ್ನು ಆಗಾಗ ನಿದ್ದೆಗೆ ತಳ್ಳುವುದರಿಂದ ಅದನ್ನು ಆರಿಸಬೇಕು; ಎರಡು ಚಾನೆಲ್ಲುಗಳ ನಡುವೆ ಓಡಾಡುವ ಡ್ಯುಯಲ್ ವಾಚನ್ನೂ ಆರಿಸಬೇಕು. ಬ್ಯಾಂಡ್‌ವಿಡ್ತ್ ‘ವೈಡ್’ನಲ್ಲಿ ಇರಬೇಕು, ಇಲ್ಲವಾದರೆ ಮುಂದೆ ಹೇಳುವ ಡಾಪ್ಲರ್ ಪಲ್ಲಟವನ್ನು (ಉಪಗ್ರಹದ ಚಲನೆಯಿಂದ ಆವರ್ತನ ಸರಿಯುವುದನ್ನು) ರೇಡಿಯೋ ಸಹಿಸುವುದಿಲ್ಲ.

ಆಂಟೆನಾ ಮತ್ತು ಮಣಿಕಟ್ಟು

ನಾಲ್ಕು ಡಿಬಿ ಮಾತ್ರ ಕೈಯಲ್ಲಿದೆ ಎಂದ ಮೇಲೆ ಆಂಟೆನಾದ ವಿಷಯದಲ್ಲಿ ಉಡಾಫೆ ನಡೆಯುವುದಿಲ್ಲ. ರೇಡಿಯೋ ಜೊತೆಗೆ ಬರುವ ಗಿಡ್ಡ ರಬ್ಬರ್ ಆಂಟೆನಾ ಆ ನಾಲ್ಕನ್ನೂ ನುಂಗಬಲ್ಲದು. ಅದರ ಜಾಗಕ್ಕೆ ಸುಮಾರು 49 ಸೆಂಟಿಮೀಟರ್ ಉದ್ದದ ಕಡ್ಡಿ ಆಂಟೆನಾ ಹಾಕುವುದು ಅತಿ ಕಡಿಮೆ ಖರ್ಚಿನ ಸುಧಾರಣೆ: ಆ ಉದ್ದವು ಎರಡು ಮೀಟರ್ ಪಟ್ಟಿಯಲ್ಲಿ ಕಾಲು ತರಂಗಕ್ಕೂ 70 ಸೆಂಟಿಮೀಟರ್ ಪಟ್ಟಿಯಲ್ಲಿ ಮುಕ್ಕಾಲು ತರಂಗಕ್ಕೂ ಹೊಂದುತ್ತದೆ.

ಹೆಚ್ಚಿನವರು ಮಾಡುವ ತಪ್ಪೆಂದರೆ ಕಡ್ಡಿಯ ತುದಿಯನ್ನು ಬಂದೂಕಿನಂತೆ ಉಪಗ್ರಹದತ್ತ ಗುರಿ ಮಾಡುವುದು. ಕಡ್ಡಿ ಆಂಟೆನಾ ತನ್ನ ತುದಿಯ ದಿಕ್ಕಿನಲ್ಲಿ ಕುರುಡು. ಉಪಗ್ರಹ ನೆತ್ತಿಯಲ್ಲಿರುವಾಗ ರೇಡಿಯೋವನ್ನು ನೆಟ್ಟಗೆ ಹಿಡಿದರೆ ಸರಿಯಾಗಿ ಆ ಕುರುಡು ಭಾಗವನ್ನೇ ಅದಕ್ಕೆ ತೋರಿಸಿದಂತಾಗುತ್ತದೆ. ಕಡ್ಡಿಯ ಮಗ್ಗುಲು ಉಪಗ್ರಹಕ್ಕೆ ಎದುರಾಗಿರಬೇಕು. ಅದಾದ ಮೇಲೆ ಧ್ರುವೀಕರಣ: ಉಪಗ್ರಹ ತಾನೂ ಉರುಳುತ್ತ ಸಾಗುವುದರಿಂದ ಅದರ ತರಂಗದ ವಾಲಿಕೆ ಕ್ಷಣಕ್ಷಣಕ್ಕೂ ಬದಲಾಗುತ್ತದೆ, ಕಡ್ಡಿ ಅದಕ್ಕೆ ಅಡ್ಡವಾಗಿ ನಿಂತಾಗ 20 ಡಿಬಿಯವರೆಗೂ ನಷ್ಟವಾಗಬಹುದು. ಒಂದು ಸಂಜೆ ಬಾಹ್ಯಾಕಾಶ ನಿಲ್ದಾಣದ 437.800 ಮೆಗಾಹರ್ಟ್ಸ್‌ನ ರಿಪೀಟರನ್ನು ಕೇಳುತ್ತಿದ್ದಾಗ ಒಂದು ದನಿ ಅರ್ಧ ಕಾಲ್‌ಸೈನಿನಲ್ಲೇ ಮುಳುಗಿತು. ತೋಳನ್ನು ಅಲುಗಿಸದೆ ಮಣಿಕಟ್ಟನ್ನಷ್ಟೇ, ಬೀಗದ ಕೈ ತಿರುಗಿಸುವಂತೆ, ಬಲಕ್ಕೆ ಕಾಲು ಸುತ್ತು ಹೊರಳಿಸಿದೆ. ಉಳಿದ ಅರ್ಧ ಪಕ್ಕದ ಕೋಣೆಯಿಂದ ಬಂದಷ್ಟು ಸ್ಪಷ್ಟವಾಗಿ ಕೇಳಿಸಿತು. ಮತ್ತೆ ಹಿಂದಕ್ಕೆ ಹೊರಳಿಸಿದರೆ ಮತ್ತೆ ಸುಯ್ ಸದ್ದು. ಆದ್ದರಿಂದ ಸಿಗ್ನಲ್ ಕುಗ್ಗಿದಾಗ ಮೊದಲು ಮಣಿಕಟ್ಟು ತಿರುಗಿಸಿ, ಆಮೇಲೆ ದಿಕ್ಕು ಬದಲಿಸಿ, ಕೊನೆಗೆ ಆವರ್ತನ ಮುಟ್ಟಿ. ಮೂರನ್ನೂ ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ.

ಬಡಗಿಯ ಉಕ್ಕಿನ ಅಳತೆಪಟ್ಟಿಯನ್ನು ಕತ್ತರಿಸಿ ಪಿವಿಸಿ ಪೈಪಿಗೆ ಬಿಗಿದು ಮಾಡಿದ, ಕೈಯಲ್ಲಿ ಹಿಡಿಯುವ ಯಾಗಿ ಆಂಟೆನಾ ಇದ್ದರೆ ಮೇಲಿನ ಕಷ್ಟಗಳು ಬಹುಪಾಲು ಕಳೆಯುತ್ತವೆ, ಆದರೆ ಅದರದೇ ದೋಷಗಳು ಸೇರಿಕೊಳ್ಳುತ್ತವೆ. ಎರಡು ಪಟ್ಟಿಗಳ ಸಿಗ್ನಲ್ಲನ್ನು ಬೇರ್ಪಡಿಸುವ ಡೈಪ್ಲೆಕ್ಸರಿನ ಎರಡು ಕೇಬಲ್‌ಗಳು ಅದಲುಬದಲಾಗಿದ್ದರೆ ಎರಡೂ ಪಟ್ಟಿಗಳು ಸತ್ತಂತಿರುತ್ತವೆ. ಹತ್ತು ಮೀಟರ್ ಆರ್‌ಜಿ-58 ಕೇಬಲ್ ಈ ಆವರ್ತನದಲ್ಲಿ ಅರ್ಧಕ್ಕಿಂತ ಹೆಚ್ಚು ಶಕ್ತಿಯನ್ನು ತಿಂದುಹಾಕುತ್ತದೆ. ಕೈಯಲ್ಲಿ ಹಿಡಿಯುವ ಯಾಗಿಗೆ ಒಂದು ಮೀಟರ್ ಸಾಕು. ರೇಡಿಯೋದ ಎಸ್‌ಎಂಎ ಕನೆಕ್ಟರು ಕೇಬಲಿನ ಭಾರಕ್ಕೆ ಸಡಿಲವಾಗುವುದೂ, ಮಳೆಗಾಲದಲ್ಲಿ ಒಳಗೆ ತೇವ ಸೇರುವುದೂ ಉಂಟು. ಕೇಳುತ್ತಿರುವಾಗಲೇ ಕನೆಕ್ಟರನ್ನು ಮೆಲ್ಲಗೆ ಅಲುಗಿಸಿದಾಗ ಸದ್ದು ಕಿರ್ರೆಂದರೆ ದೋಷ ಅಲ್ಲಿಯೇ ಇದೆ.

ಕೇಳಿಸುತ್ತದೆ, ಆದರೆ ಮಾತು ಒಡೆಯುತ್ತದೆ

ಉಪಗ್ರಹ ಸೆಕೆಂಡಿಗೆ ಏಳು ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿ ನಮ್ಮತ್ತ ಬಂದು ದೂರ ಸರಿಯುವುದರಿಂದ 436 ಮೆಗಾಹರ್ಟ್ಸ್‌ನಲ್ಲಿ ಆವರ್ತನವು ಮೊದಲು ಸುಮಾರು 10 ಕಿಲೋಹರ್ಟ್ಸ್ ಹೆಚ್ಚಿಗೂ ಕೊನೆಗೆ ಅಷ್ಟೇ ಕಡಿಮೆಗೂ ಕೇಳಿಸುತ್ತದೆ. ಐದು ಮೆಮೊರಿ ಚಾನೆಲ್ಲುಗಳನ್ನು 436.805, 436.800, 436.795, 436.790, 436.785 ಎಂದು ಇದೇ ಕ್ರಮದಲ್ಲಿ ತುಂಬಿಟ್ಟು ಒಂದೊಂದಾಗಿ ಇಳಿಯುತ್ತ ಹೋಗಬೇಕು. ಮಾತು ಒಡೆಯುವ ಬಗೆಯಿಂದಲೇ ತಪ್ಪನ್ನು ಗುರುತಿಸಬಹುದು. ಪಾಸಿನ ನಡುವೆ ಮಾತ್ರ ಸ್ಪಷ್ಟವಾಗಿದ್ದು ಎರಡೂ ತುದಿಗಳಲ್ಲಿ ಗೊರಗೊರ ಎಂದರೆ ಚಾನೆಲ್ ಬದಲಿಸಿಲ್ಲ, ಇಲ್ಲವೇ ಕ್ರಮವನ್ನು ತಿರುವುಮುರುವು ತುಂಬಿಟ್ಟಿದ್ದೀರಿ. ಆರಂಭ ಚೆನ್ನಾಗಿದ್ದು ನೆತ್ತಿಯ ಬಳಿ ಒಡೆದರೆ ಇಳಿಯುವುದು ತಡವಾಗಿದೆ: ಎತ್ತರದ ಪಾಸಿನಲ್ಲಿ ಪಲ್ಲಟದ ಹೆಚ್ಚಿನ ಭಾಗ ನಡುವಿನ ಮೂರು ನಾಲ್ಕು ನಿಮಿಷಗಳಲ್ಲಿಯೇ ನಡೆದುಹೋಗುತ್ತದೆ. 145 ಮೆಗಾಹರ್ಟ್ಸ್‌ನ ಅಪ್‌ಲಿಂಕಿನಲ್ಲಿ (ನಾವು ಉಪಗ್ರಹಕ್ಕೆ ಕಳಿಸುವ ಸಿಗ್ನಲ್ಲಿನಲ್ಲಿ) ಪಲ್ಲಟ ಮೂರುವರೆ ಕಿಲೋಹರ್ಟ್ಸ್ ಒಳಗೇ ಇರುವುದರಿಂದ ಅದನ್ನು ತಿದ್ದಬೇಕಿಲ್ಲ. ಫಿಲಿಪ್ಪೀನ್ಸಿನ ಪಿಒ-101ರಲ್ಲಿ ಮಾತ್ರ ಎಲ್ಲವೂ ತಲೆಕೆಳಗು. ಅಲ್ಲಿ ಅಪ್‌ಲಿಂಕ್ 437.500, ಟೋನ್ 141.3 ಹರ್ಟ್ಸ್, ಮತ್ತು ಪ್ರಸಾರವನ್ನು 437.490ರಿಂದ ಆರಂಭಿಸಿ ಮೇಲಕ್ಕೆ ಏರಬೇಕು.

ಕೇಳಿಸುತ್ತದೆ, ಯಾರೂ ಉತ್ತರಿಸುವುದಿಲ್ಲ

ಇಲ್ಲಿಗೆ ಬರುವ ಹೊತ್ತಿಗೆ ಕಿವಿಯ ದೋಷಗಳೆಲ್ಲ ಕಳೆದಿರಬೇಕು. ಉಪಗ್ರಹವನ್ನು ಕೇಳಿಸಿಕೊಳ್ಳದೆಯೇ ಕೂಗುವವರನ್ನು ಹ್ಯಾಮ್‌ಗಳು (ಹವ್ಯಾಸಿ ರೇಡಿಯೋದವರು) ಆಲಿಗೇಟರ್ (ಮೊಸಳೆ) ಎನ್ನುತ್ತಾರೆ, ಬಾಯಿ ದೊಡ್ಡದು, ಕಿವಿ ಕಾಣದು ಎಂಬ ಅರ್ಥದಲ್ಲಿ. ಉಪಗ್ರಹದಲ್ಲಿರುವುದು ಒಂದೇ ಚಾನೆಲ್ ಆದ್ದರಿಂದ ಅಂಥ ಒಬ್ಬರು ಒಂದಿಡೀ ಉಪಖಂಡದ ಮಾತನ್ನು ಕೆಡಿಸಬಲ್ಲರು.

ಮೊದಲು ಪಿಟಿಟಿ ಒತ್ತಿದಾಗ ಪರದೆಯಲ್ಲಿ ಯಾವ ಆವರ್ತನ ಕಾಣುತ್ತದೆಂದು ನೋಡಬೇಕು. ಹಲವು ಹ್ಯಾಂಡಿಗಳಲ್ಲಿ ಸ್ವೀಕಾರದ ಆವರ್ತನವನ್ನು ಒಮ್ಮೆ, ಪ್ರಸಾರದ ಆವರ್ತನವನ್ನು ಇನ್ನೊಮ್ಮೆ ಮೆಮೊರಿಗೆ ಸೇರಿಸಬೇಕಾಗುತ್ತದೆ. ಎರಡನೆಯ ಹಂತ ತಪ್ಪಿದ್ದರೆ ನೀವು ಡೌನ್‌ಲಿಂಕಿನ, ಅಂದರೆ ಉಪಗ್ರಹ ಕೆಳಗೆ ಕಳಿಸುವ ಆವರ್ತನದ, ಮೇಲೆಯೇ ಮಾತನಾಡುತ್ತಿರುತ್ತೀರಿ, ಉಪಗ್ರಹಕ್ಕೆ ಒಂದಕ್ಷರವೂ ತಲುಪುವುದಿಲ್ಲ, ಊರಿನ ಇನ್ನೊಬ್ಬ ಕೇಳುಗರ ಕಿವಿ ಮಾತ್ರ ಕೆಡುತ್ತದೆ. ಅನಂತರ ಟೋನು ಐದೂ ಚಾನೆಲ್ಲುಗಳಲ್ಲಿ ಉಳಿದಿದೆಯೇ, 74.4 ಹರ್ಟ್ಸ್‌ನ ಆರನೆಯ ಚಾನೆಲ್ಲಿನಿಂದ ಟೈಮರ್ ಎಬ್ಬಿಸಿದ ಮೇಲೆ 67ರ ಚಾನೆಲ್ಲಿಗೆ ಮರಳಿದ್ದೀರೇ ಎಂದು ನೋಡಿಕೊಳ್ಳಬೇಕು. ಎಫ್‌ಎಂನಲ್ಲಿ ಬಲವಾದ ಸಿಗ್ನಲ್ ದುರ್ಬಲವಾದದ್ದನ್ನು ಪೂರ್ತಿ ಮುಚ್ಚಿಹಾಕುವುದರಿಂದ ಗಿಜಿಗುಡುವ ಪಾಸಿನಲ್ಲಿ ಕಡ್ಡಿ ಆಂಟೆನಾದವರಿಗೆ ಸರದಿ ಸಿಗುವುದು ಕಷ್ಟ; ಒಬ್ಬರು ಮುಗಿಸಿ ಇನ್ನೊಬ್ಬರು ಆರಂಭಿಸುವ ನಡುವಿನ ಬಿಡುವಿನಲ್ಲಿ ಕಾಲ್‌ಸೈನ್ ಮತ್ತು ಗ್ರಿಡ್ ಎರಡನ್ನೇ ಹೇಳಿ ಬಿಡುವುದು ಲೇಸು.

ಇಷ್ಟಾದರೂ ಸಂಶಯ ಉಳಿದರೆ ಎರಡು ರೇಡಿಯೋಗಳ ಪರೀಕ್ಷೆಯೇ ಕೊನೆಯದು. ಒಂದರಲ್ಲಿ ಪ್ರಸಾರ ಮಾಡುತ್ತ, ಇನ್ನೊಂದರಲ್ಲಿ ಇಯರ್‌ಫೋನಿನಿಂದ 436.795ರ ಆಸುಪಾಸನ್ನು ಕೇಳುತ್ತ ನಿಮ್ಮದೇ ದನಿ ಮರಳಿ ಬರುತ್ತದೆಯೇ ಎಂದು ಗಮನಿಸಬೇಕು. ಇದರಲ್ಲೊಂದು ಬಲೆ ಇದೆ. 145.850ರ ಮೂರು ಪಟ್ಟು 437.550, ಅಗ್ಗದ ಹ್ಯಾಂಡಿಯಿಂದ ಸೋರುವ ಈ ಮೂರನೆಯ ಹಾರ್ಮೋನಿಕ್ ಡೌನ್‌ಲಿಂಕಿನಿಂದ ಮುಕ್ಕಾಲು ಮೆಗಾಹರ್ಟ್ಸ್ ದೂರದಲ್ಲಿ ಮಾತ್ರ ಇರುತ್ತದೆ. ಪಕ್ಕದಲ್ಲೇ ಐದು ವ್ಯಾಟು ಹೊರಡುವಾಗ ಅದೂ, ಮೂಲ ಸಿಗ್ನಲ್ಲೂ ಸೇರಿ ಎರಡನೆಯ ರೇಡಿಯೋದ ಸ್ವೀಕಾರಕವನ್ನು ಮಂಕು ಮಾಡುತ್ತವೆ. ಇದನ್ನು ಪಾಸಿಗೆ ಕಾಯದೆ ನೆಲದ ಮೇಲೆಯೇ ಪರೀಕ್ಷಿಸಬಹುದು: ಗೆಳೆಯರೊಬ್ಬರನ್ನು ಒಂದೆರಡು ಬೀದಿ ಆಚೆ ನಿಲ್ಲಿಸಿ, ಅತಿ ಕಡಿಮೆ ಪವರಿನಲ್ಲಿ, ಉಪಗ್ರಹಗಳ ಪಾಲಿಗೆ ಸೇರದ ಯುಎಚ್‌ಎಫ್ ಆವರ್ತನದಲ್ಲಿ, ಕೇಳಿಸಿಯೂ ಕೇಳಿಸದಂತೆ ಮಾತನಾಡಲು ಹೇಳಿ, ಆಗ ನಿಮ್ಮ ವಿಎಚ್‌ಎಫ್ ರೇಡಿಯೋವನ್ನು ಎರಡು ಮೀಟರ್ ಪಟ್ಟಿಯ ಖಾಲಿ ಆವರ್ತನಕ್ಕೆ ಹಾಕಿ ಪಿಟಿಟಿ ಒತ್ತಿ. ಅವರ ದನಿ ಅಳಿಸಿಹೋದರೆ ರೇಡಿಯೋಗಳನ್ನು ದೂರ ಸರಿಸಬೇಕು, ಪವರನ್ನು ಒಂದು ವ್ಯಾಟಿಗೆ ಇಳಿಸಬೇಕು, ಇಲ್ಲವೇ ನಡುವೆ ಡೈಪ್ಲೆಕ್ಸರ್ ಹಾಕಬೇಕು. ಪವರ್ ಇಳಿಸಿದ ಮೇಲೆ ಉಪಗ್ರಹದಿಂದ ತಮ್ಮ ದನಿ ಮರಳಿ ಬಂದದ್ದನ್ನು ಕೇಳಿ ಬೆರಗಾದವರಿದ್ದಾರೆ; 180 ಪಟ್ಟಿನ ಲೆಕ್ಕ ನೆನಪಿದ್ದರೆ ಬೆರಗಿಗೆ ಕಾರಣವಿಲ್ಲ.

ನಿಮ್ಮ ಕಾಲ್‌ಸೈನ್ ನಿಮಗೇ ಸ್ಪಷ್ಟವಾಗಿ ಕೇಳಿಸಿದ ಮೇಲೂ ಉತ್ತರ ಬಾರದಿದ್ದರೆ ಇನ್ನು ಬಿಚ್ಚಿ ನೋಡುವುದಕ್ಕೆ ಏನೂ ಇಲ್ಲ. ಆ ಪಾಸಿನಲ್ಲಿ ಬೇರೆ ಯಾರೂ ಇರಲಿಲ್ಲ ಎಂದೇ ಅರ್ಥ. ಉಪಗ್ರಹ ಸುಮಾರು 100 ನಿಮಿಷಕ್ಕೆ ಮತ್ತೊಂದು ಸುತ್ತು ಮುಗಿಸುತ್ತದೆ. ಮುಂದಿನ ಪಾಸು ದಿಗಂತದಿಂದ ಎಷ್ಟು ಡಿಗ್ರಿ ಏರುತ್ತದೆಂದು ನೋಡಿ, ಅಷ್ಟರೊಳಗೆ ಬ್ಯಾಟರಿಯನ್ನು ಚಾರ್ಜಿಗೆ ಹಾಕಿಡಿ.